ಕಬ್ಬಿಣದ ಕಾರ್ಖಾನೆ ಕೊಳ್ಳಲು ದುಡ್ಡು ಎಲ್ಲಿಂದ ಬರುತ್ತಿತ್ತು? ಹಳೇ ಬ್ರಿಟನ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬ್ರಿಟನ್ನಿನ ಕೈಗಾರಿಕಾ ಕ್ರಾಂತಿ ಅಂದ ಕೂಡಲೇ ಉಗಿಯಂತ್ರ, ಊದುಕುಲುಮೆ, ಹೊಗೆ ಕಾರುವ ಚಿಮಣಿ ಕಣ್ಣ ಮುಂದೆ ಬರುತ್ತವೆ. ಆ ಕುಲುಮೆ ಕಟ್ಟಲು, ಇಲ್ಲವೇ ಬೇರೆಯವರು ಕಟ್ಟಿದ್ದನ್ನು ಕೊಳ್ಳಲು, ಗಂಟು ಬಿಚ್ಚಿದವರು ಯಾರು ಅನ್ನುವ ಕಥೆ ಮಾತ್ರ ಪಠ್ಯಪುಸ್ತಕಗಳಲ್ಲಿ ಬರುವುದು ಕಡಿಮೆ. ನನಗೆ ಯಂತ್ರಗಳಿಗಿಂತ ಈ ದುಡ್ಡಿನ ಕಥೆಯೇ ಜಾಸ್ತಿ ಇಷ್ಟ. ಸುಮಾರು 1700ರಿಂದ 1815ರವರೆಗಿನ ಕಾಲದ ಬಗ್ಗೆ ಜನ ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಹಾಕಿದ್ದೇನೆ.

ಕಾರ್ಖಾನೆ ಕೊಳ್ಳುವುದು ಅಂದರೆ ಆಗ ನಿಜವಾಗಿ ಏನನ್ನು ಕೊಳ್ಳುತ್ತಿದ್ದರು?

ಹೆಚ್ಚಿನ ಸಲ ನೆಲವನ್ನಂತೂ ಅಲ್ಲ. ನೆಲ ದೊಡ್ಡ ಜಮೀನ್ದಾರರದ್ದು. ಅವರು ಅದನ್ನು ಮಾರುತ್ತಿರಲಿಲ್ಲ, ಗುತ್ತಿಗೆಗೆ ಕೊಡುತ್ತಿದ್ದರು. ಕಾರ್ಖಾನೆ ಕೈ ಬದಲಾಗುತ್ತಿತ್ತು ಅಂದರೆ ಗುತ್ತಿಗೆಯಲ್ಲಿ ಉಳಿದ ವರ್ಷಗಳು, ಅದಿರು ಮತ್ತು ಕಲ್ಲಿದ್ದಲು ಅಗೆಯುವ ಹಕ್ಕು, ಹಳ್ಳದ ನೀರಿನ ಹಕ್ಕು, ಕುಲುಮೆ, ತಿದಿ, ನೀರುಚಕ್ರ, ಅಂಗಳದಲ್ಲಿ ಬಿದ್ದಿರುವ ಸರಕು ಎಲ್ಲ ಸೇರಿ ಒಂದು ಬೆಲೆ.

ಇದಕ್ಕೆ ಒಳ್ಳೆಯ ಉದಾಹರಣೆ ವೇಲ್ಸ್‌ನ ಮರ್ಥರ್ ಟಿಡ್ವಿಲ್. 1765ರಲ್ಲಿ ಆಂಟನಿ ಬೇಕನ್ ಎಂಬ ಲಂಡನ್ ವ್ಯಾಪಾರಿ, ವಿಲಿಯಂ ಬ್ರೌನ್‌ರಿಗ್ ಎಂಬ ವೈದ್ಯರ ಜೊತೆ ಸೇರಿ ಅಲ್ಲಿ ಸುಮಾರು 4,000 ಎಕರೆಯ ಖನಿಜದ ಹಕ್ಕು ಹಿಡಿದರು. ಅವಧಿ 99 ವರ್ಷ. ಬಾಡಿಗೆ ವರ್ಷಕ್ಕೆ 100 ಪೌಂಡ್. ಅದಿರು ಎಷ್ಟು ತೆಗೆದರೂ ಅಷ್ಟೇ! ಮುಂದೆ ಲೋಕಪ್ರಸಿದ್ಧವಾದ ಸಿಫಾರ್ಥಾ ಕಾರ್ಖಾನೆ ನಿಂತದ್ದು ಈ ಕಾಗದದ ಮೇಲೆ. ಕುಲುಮೆಯನ್ನು ಯಾರು ಬೇಕಾದರೂ ಕಟ್ಟಬಹುದಿತ್ತು. ಇಂಥ ಗುತ್ತಿಗೆ ಮಾತ್ರ ಎಲ್ಲರಿಗೂ ಸಿಗುತ್ತಿರಲಿಲ್ಲ.

ಪಕ್ಕದ ಡೌಲೈಸ್ ಕಾರ್ಖಾನೆಯ ಗುತ್ತಿಗೆಯೂ 99 ವರ್ಷದ್ದೇ. ಅದು 1848ರಲ್ಲಿ ಮುಗಿಯುವ ಹೊತ್ತಿಗೆ ಅಲ್ಲಿ ಭಾರೀ ಕಾರ್ಖಾನೆ ಬೆಳೆದಿತ್ತು. ನೆಲದ ಒಡೆಯ ಬ್ಯೂಟ್ ಮಾರ್ಕ್ವಿಸ್ ಹಳೇ ಬಾಡಿಗೆಗೆ ಒಪ್ಪಲಿಲ್ಲ. ನೂರು ವರ್ಷದ ಹಿಂದೆ ಅಗ್ಗಕ್ಕೆ ಸಿಕ್ಕಿದ್ದು ಕೊನೆಯಲ್ಲಿ ಕುತ್ತಿಗೆಗೆ ಬಂತು.

ಎಷ್ಟು ದುಡ್ಡು ಬೇಕಾಗುತ್ತಿತ್ತು?

ಡೌಲೈಸ್ 1759ರಲ್ಲಿ ಶುರುವಾದಾಗ ಒಂಬತ್ತು ಪಾಲುದಾರರು ಸೇರಿ ಹಾಕಿದ್ದು 4,000 ಪೌಂಡ್. ಅದೇ ವರ್ಷ ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ಕ್ಯಾರನ್ ಕಂಪನಿಯ ಮೊದಲ ಬಂಡವಾಳ 12,000 ಪೌಂಡ್. ಮೂವತ್ತು ವರ್ಷದ ನಂತರ ವೇಲ್ಸ್‌ನ ಬ್ಲೈನಾವನ್‌ನಲ್ಲಿ ಕೋಕ್ (ಸುಟ್ಟು ಹದ ಮಾಡಿದ ಕಲ್ಲಿದ್ದಲು) ಉರಿಸುವ ಮೂರು ಕುಲುಮೆಗಳನ್ನು ಒಟ್ಟಿಗೆ ಎಬ್ಬಿಸಲು ಸುಮಾರು 40,000 ಪೌಂಡ್ ಹಿಡಿಯಿತು. ಆಗ ಒಬ್ಬ ಕೂಲಿಗಾರನ ವರ್ಷದ ದುಡಿಮೆ 20–30 ಪೌಂಡ್ ಇದ್ದರೆ ಹೆಚ್ಚು.

ಆದರೆ ಈ ಅಂಕಿಗಳನ್ನು ನೋಡಿ ಮೋಸ ಹೋಗಬೇಡಿ. ಕಲ್ಲು, ಇಟ್ಟಿಗೆ, ಚಕ್ರಕ್ಕೆ ಹಾಕಿದ ದುಡ್ಡು ಕಣ್ಣಿಗೆ ಕಾಣುತ್ತದೆ. ಹೊಸ ಒಡೆಯನ ನಿದ್ದೆ ಕೆಡಿಸುತ್ತಿದ್ದದ್ದು ಕಾರ್ಖಾನೆ ನಡೆಸುವ ದುಡ್ಡು. ಅದಿರು ಅಗೆಸಬೇಕು, ಸುಣ್ಣಕಲ್ಲು ತರಿಸಬೇಕು. ಇದ್ದಿಲಿನ ಕುಲುಮೆಯಾದರೆ ಕಾಡಿನ ಮರವನ್ನು ಬಹಳ ಮೊದಲೇ ಕೊಂಡು ಕಡಿಸಿ ಸುಡಿಸಿಡಬೇಕು. ಊದುಕುಲುಮೆ ಒಮ್ಮೆ ಹೊತ್ತಿತು ಅಂದರೆ ಹಗಲೂ ರಾತ್ರಿ, ತಿಂಗಳುಗಟ್ಟಲೆ ಉರಿಯಬೇಕು. ನಡುವೆ ಆರಿದರೆ ಒಳಗಿನ ಮುದ್ದೆ ಗಟ್ಟಿಯಾಗಿ ಕುಲುಮೆಯೇ ಹಾಳು. ಬಂದ ಬೀಡು ಕಬ್ಬಿಣ ದೋಣಿ ಹತ್ತಿ ಬ್ರಿಸ್ಟಲಿಗೋ ಲಂಡನ್ನಿಗೋ ಹೋಗಬೇಕು. ಕೊಂಡವನು ಉದ್ರಿ ಹೇಳುತ್ತಾನೆ. ಅದಿರಿಗೆ ಇವತ್ತು ಹಾಕಿದ ಪೌಂಡು ವಾಪಸ್ ಬರಲು ಆರು ತಿಂಗಳೋ ಒಂದು ವರ್ಷವೋ ಆಗುತ್ತಿತ್ತು. ಅಲ್ಲಿಯವರೆಗೆ ಕೂಲಿಯವರು ಸುಮ್ನೆ ಇರುತ್ತಾರಾ?

ಬ್ಯಾಂಕಿನಲ್ಲಿ ಸಾಲ ಸಿಗುತ್ತಿರಲಿಲ್ವಾ?

ಈಗಿನ ಹಾಗೆ ಹತ್ತು ಹದಿನೈದು ವರ್ಷದ ಕಂತಿನ ಸಾಲ ಸಿಗುತ್ತಿರಲಿಲ್ಲ. 1750ರ ಸುಮಾರಿಗೆ ಲಂಡನ್ ಬಿಟ್ಟು ಹೊರಗೆ ಬ್ಯಾಂಕುಗಳೇ ಬೆರಳೆಣಿಕೆಯಷ್ಟು. ಬ್ಯಾಂಕ್ ಆಫ್ ಇಂಗ್ಲೆಂಡ್ ಬಿಟ್ಟರೆ ಇಂಗ್ಲೆಂಡಿನ ಯಾವ ಬ್ಯಾಂಕಿಗೂ ಆರಕ್ಕಿಂತ ಹೆಚ್ಚು ಪಾಲುದಾರರು ಇರುವಂತಿಲ್ಲ ಅನ್ನುವ ಕಾನೂನು 1826ರವರೆಗೂ ಇತ್ತು. ಹಾಗಾಗಿ ಊರಿನ ಬ್ಯಾಂಕು ಅಂದರೆ ಊರಿನ ಮೂರು ನಾಲ್ಕು ಸಾಹುಕಾರರು. ಕೈಯಲ್ಲಿರುವ ದುಡ್ಡೂ ಅಷ್ಟಕ್ಕಷ್ಟೇ. ಠೇವಣಿ ಇಟ್ಟವರು ಯಾವಾಗ ಬೇಕಾದರೂ ಬಂದು ಕೇಳಬಹುದು. ಅದನ್ನು ಕುಲುಮೆಯ ಕಲ್ಲಿನಲ್ಲಿ ಹೂತಿಡಲು ಅವರಿಗೆ ಧೈರ್ಯ ಬರುತ್ತಿರಲಿಲ್ಲ.

ಆದರೂ ಬ್ಯಾಂಕು ಮತ್ತು ಕಬ್ಬಿಣದ ನಂಟು ಹತ್ತಿರದ್ದೇ. ಬರ್ಮಿಂಗ್‌ಹ್ಯಾಮಿನಲ್ಲಿ 1765ರಲ್ಲಿ ಗುಂಡಿ ತಯಾರಿಸುವ ಜಾನ್ ಟೇಲರ್ ಮತ್ತು ಕಬ್ಬಿಣದ ವ್ಯಾಪಾರಿ ಸ್ಯಾಂಪ್ಸನ್ ಲಾಯ್ಡ್ ಸೇರಿ ಒಂದು ಬ್ಯಾಂಕು ತೆರೆದರು. ಇವತ್ತಿನ ಲಾಯ್ಡ್ಸ್ ಬ್ಯಾಂಕಿನ ಬೇರು ಅದು. ಬ್ರೆಕನ್ ಊರಲ್ಲಿ 1778ರಲ್ಲಿ ಶುರುವಾದ ವಿಲ್ಕಿನ್ಸ್ ಮನೆತನದ ಬ್ಯಾಂಕು ಮರ್ಥರಿನ ಕಾರ್ಖಾನೆಗಳ ಜೊತೆ ವ್ಯವಹಾರ ಇಟ್ಟುಕೊಂಡಿತ್ತು. ಇವರೆಲ್ಲ ಕೊಡುತ್ತಿದ್ದದ್ದು ಮುಖ್ಯವಾಗಿ ಕೆಲವೇ ತಿಂಗಳ ಸಾಲ. ಅದರಿಂದ ಕಾರ್ಖಾನೆ ನಡೆಯುತ್ತಿತ್ತು. ಕೊಳ್ಳಲು ಬೇರೆ ದಾರಿ ಬೇಕಿತ್ತು.

ಹಾಗಾದರೆ ಮೊದಲ ಗಂಟು ಯಾರದು?

ವ್ಯಾಪಾರಿಗಳದ್ದು. ಅದರಲ್ಲೂ ಬಂದರಿನ ಊರಿನವರದ್ದು.

ಬೇಕನ್ ವಿಷಯವನ್ನು ಮುಚ್ಚಿಡದೆ ಹೇಳಬೇಕು. ಆತ ಸೈನ್ಯಕ್ಕೆ ದಿನಸಿ ಪೂರೈಸುವ ಸರ್ಕಾರಿ ಗುತ್ತಿಗೆದಾರ. ವೆಸ್ಟ್ ಇಂಡೀಸ್‌ಗೆ ಗುಲಾಮರನ್ನು ಸರಬರಾಜು ಮಾಡುವ ಗುತ್ತಿಗೆಯೂ ಅವನಿಗಿತ್ತು. ಆ ದುಡ್ಡೂ ಮರ್ಥರಿನ ಕಣಿವೆಗೆ ಇಳಿಯಿತು. ಆ ಕುಲುಮೆಗಳನ್ನು ಹೊಗಳುವಾಗ ಈ ಮಾತು ಬಿಟ್ಟುಬಿಡುವುದು ನನಗೆ ಸರಿ ಕಾಣುವುದಿಲ್ಲ.

ಬೇಕನ್ 1786ರಲ್ಲಿ ತೀರಿಕೊಂಡ. ಸಿಫಾರ್ಥಾವನ್ನು ಹಿಡಿದವನು ರಿಚರ್ಡ್ ಕ್ರಾಶೆ. ಯಾರ್ಕ್‌ಶೈರಿನ ರೈತನ ಮಗ. ಹದಿನಾರನೇ ವಯಸ್ಸಿಗೆ ಕುದುರೆಮರಿ ಹತ್ತಿ ಲಂಡನ್ನಿಗೆ ಬಂದು, ಅದನ್ನು 15 ಪೌಂಡಿಗೆ ಮಾರಿ, ಕಬ್ಬಿಣದ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ ಅನ್ನುವ ಕಥೆ ಅವನ ಬಗ್ಗೆ ಇದೆ. ಕಥೆ ಹೇಗಾದರೂ ಇರಲಿ, 1786ರ ಹೊತ್ತಿಗೆ ಅವನು ಲಂಡನ್ನಿನ ದೊಡ್ಡ ಕಬ್ಬಿಣದ ವ್ಯಾಪಾರಿ. ಸ್ವೀಡನ್, ರಷ್ಯಾದ ಕಬ್ಬಿಣ ತರಿಸಿ ಮಾರುತ್ತಿದ್ದ. ಮಾಲು ಯಾರು ಕೊಳ್ಳುತ್ತಾರೆ ಅಂತ ಗೊತ್ತಿತ್ತು. ಅವನ ಸಹಿಗೆ ಊರೆಲ್ಲ ಬೆಲೆ ಇತ್ತು. ವಿಲಿಯಂ ಸ್ಟೀವನ್ಸ್, ಜೇಮ್ಸ್ ಕಾಕ್‌ಶಟ್ ಎಂಬ ಇಬ್ಬರನ್ನು ಪಾಲಿಗೆ ಸೇರಿಸಿಕೊಂಡು ಗುತ್ತಿಗೆ ಹಿಡಿದ. 1791ಕ್ಕೆ ಆ ಪಾಲುದಾರಿಕೆ ಮುರಿಯಿತು, 1794ಕ್ಕೆ ಪೂರ್ತಿ ಅವನದೇ ಆಯಿತು. ಗಮನಿಸಿ, ಒಂದೇ ಏಟಿಗೆ ಕೊಳ್ಳಲಿಲ್ಲ. ಮೊದಲು ಪಾಲುದಾರರ ಜೊತೆ ಗುತ್ತಿಗೆ, ಆಮೇಲೆ ಒಬ್ಬನೇ, ಕೊನೆಗೆ ಪೂರ್ತಿ ಒಡೆತನ. ನಡುವಿನ ಎಂಟು ವರ್ಷದ ಲಾಭವೂ ಅವನಿಗೆ ಆಸರೆಯಾಯಿತು.

ಪಾಲು ಹೇಗೆ ಹಂಚುತ್ತಿದ್ದರು?

ಎಂಟು, ಹದಿನಾರು, ಇಪ್ಪತ್ನಾಲ್ಕು ಹೀಗೆ ಭಾಗ ಮಾಡುತ್ತಿದ್ದರು. ಕ್ಯಾರನ್ನಿನ 12,000 ಪೌಂಡ್ 24 ಪಾಲಾಗಿತ್ತು. ಡೌಲೈಸ್‌ಗೆ 1767ರಲ್ಲಿ ಮ್ಯಾನೇಜರಾಗಿ ಬಂದ ಜಾನ್ ಗೆಸ್ಟ್, ಮುಂದೆ 1780ರ ದಶಕದ ಶುರುವಿನಲ್ಲಿ 16ರಲ್ಲಿ 7 ಪಾಲು ಕೊಂಡ. ಸಂಬಳಕ್ಕೆ ಬಂದವನು ಸುಮಾರು ಹದಿನೈದು ವರ್ಷದಲ್ಲಿ ಯಜಮಾನನಾದ. ಕಾರ್ಖಾನೆಯ ಒಳಹೊರಗು ಗೊತ್ತಿರುವ ಇಂಥವನಿಗೆ ಪಾಲು ಮಾರಲು ಹಳೇ ಪಾಲುದಾರರಿಗೂ ಇಷ್ಟ, ಯಾಕೆಂದರೆ ಅವರಲ್ಲಿ ಎಷ್ಟೋ ಜನ ದೂರದ ಊರಿನವರು.

ಒಳ್ಳೆಯ ಪಾಲುದಾರಿಕೆ ಹೇಗಿರುತ್ತಿತ್ತು ಅಂತ ನೋಡಬೇಕಾದರೆ ಡರ್ಬಿಶೈರಿನ ಬಟರ್ಲಿ ನೋಡಿ. 1790ರಲ್ಲಿ ಬೆಂಜಮಿನ್ ಔಟ್ರಮ್, ಫ್ರಾನ್ಸಿಸ್ ಬೆರೆಸ್‌ಫರ್ಡ್ ಇಬ್ಬರೂ ಬಟರ್ಲಿ ಹಾಲ್ ಎಸ್ಟೇಟು ಕೊಂಡರು. ಕೆಳಗೆ ಕಲ್ಲಿದ್ದಲು, ಅದಿರು ಎರಡೂ ಇತ್ತು. ಎರಡು ವರ್ಷದಲ್ಲಿ ವಿಲಿಯಂ ಜೆಸಪ್, ಜಾನ್ ರೈಟ್ ಸೇರಿಕೊಂಡರು. ಔಟ್ರಮ್ ಮತ್ತು ಜೆಸಪ್ ಎಂಜಿನಿಯರುಗಳು, ಬೆರೆಸ್‌ಫರ್ಡ್ ವಕೀಲ, ರೈಟ್ ನಾಟಿಂಗ್‌ಹ್ಯಾಮಿನ ಬ್ಯಾಂಕ್ ಮನೆತನದವನು, ಅದೂ ಬೆರೆಸ್‌ಫರ್ಡ್‌ನ ಅಳಿಯ. ಕೆಲಸ ಬಲ್ಲವರು, ಕಾಗದ ಬಲ್ಲವನು, ದುಡ್ಡು ತರಬಲ್ಲವನು. ಮದುವೆಯ ನಂಟು ಇವರನ್ನು ಕಟ್ಟಿ ಹಾಕಿತ್ತು.

ಕಂಪನಿ ಮಾಡಿ ಜನರಿಗೆ ಷೇರು ಮಾರಬಹುದಿತ್ತಲ್ವಾ?

1720ರ ಬಬಲ್ ಕಾಯ್ದೆ ಇದಕ್ಕೆ ಅಡ್ಡ. ರಾಜನ ಸನ್ನದು ಅಥವಾ ಪಾರ್ಲಿಮೆಂಟಿನ ಕಾಯ್ದೆ ಇಲ್ಲದೆ ಅಂಥ ಕಂಪನಿ ಮಾಡುವಂತಿರಲಿಲ್ಲ. ಇದು ರದ್ದಾದದ್ದು 1825ರಲ್ಲಿ. ಕ್ಯಾರನ್‌ಗೆ 1773ರಲ್ಲಿ ಸನ್ನದು ಸಿಕ್ಕಿ ಬಂಡವಾಳ 1,50,000 ಪೌಂಡಾಯಿತು. ಆ ಭಾಗ್ಯ ಬಹುತೇಕ ಕಾರ್ಖಾನೆಗಳಿಗೆ ಇರಲಿಲ್ಲ.

ಹುಂಡಿಯಿಂದ ಕಾರ್ಖಾನೆ ನಡೆಯುತ್ತಿತ್ತು ಅನ್ನುತ್ತಾರೆ. ಹೇಗೆ?

ನಮ್ಮ ಹಳೇ ಪೇಟೆಗಳಲ್ಲಿ ಓಡಾಡುತ್ತಿದ್ದ ಹುಂಡಿಯಂಥದ್ದೇ ಒಂದು ಕಾಗದ ಅಲ್ಲೂ ಇತ್ತು. ಒಂದು ಹುಂಡಿಯನ್ನು ಕೈಯಲ್ಲಿ ಹಿಡಿದ ಹಾಗೆ ನೋಡೋಣ.

ನೀವು ಕುಲುಮೆಯ ಯಜಮಾನರು ಅಂದುಕೊಳ್ಳಿ. ಬ್ರಿಸ್ಟಲಿನ ವ್ಯಾಪಾರಿ ನಿಮ್ಮಿಂದ 200 ಪೌಂಡಿನ ಕಬ್ಬಿಣ ಕೊಂಡ. ಈಗ ದುಡ್ಡಿಲ್ಲ, ಎರಡು ತಿಂಗಳು ಬಿಟ್ಟು ಕೊಡುತ್ತೇನೆ ಅನ್ನುತ್ತಾನೆ. ನೀವು ಅಂಗೈ ಅಗಲದ ಒಂದು ಚೀಟಿ ಬರೆಯುತ್ತೀರಿ: ಇಂದಿನಿಂದ ಎರಡು ತಿಂಗಳಿಗೆ ಇಂಥವರಿಗೆ ಅಥವಾ ಅವರು ಹೇಳಿದವರಿಗೆ 200 ಪೌಂಡ್ ಕೊಡಿ. ವ್ಯಾಪಾರಿ ಅದರ ಮೇಲೆ ಅಡ್ಡಡ್ಡಕ್ಕೆ ಒಪ್ಪಿದ್ದೇನೆ ಅಂತ ಬರೆದು ಸಹಿ ಹಾಕುತ್ತಾನೆ. ಅಲ್ಲಿಗೆ ಆ ಚೀಟಿ ದುಡ್ಡಾಯಿತು.

ನಿಮಗೆ ಅದಿರು ಕೊಟ್ಟವನು ಬಂದು ಬಾಕಿ ಕೇಳುತ್ತಾನೆ. ಚೀಟಿಯ ಹಿಂದೆ ಸಹಿ ಹಾಕಿ ಅವನಿಗೆ ದಾಟಿಸುತ್ತೀರಿ. ಅವನು ಕುದುರೆ ಹುಲ್ಲಿನವನಿಗೆ, ಹುಲ್ಲಿನವನು ಜವಳಿಯವನಿಗೆ. ಪ್ರತಿ ಸಲವೂ ಹಿಂದೆ ಒಂದು ಸಹಿ ಕೂಡುತ್ತದೆ. ಸಹಿ ಹೆಚ್ಚಿದಷ್ಟೂ ಹುಂಡಿ ಗಟ್ಟಿ. ಯಾಕೆಂದರೆ ಕೊನೆಗೆ ಬ್ರಿಸ್ಟಲಿನವನು ಕೈ ಎತ್ತಿದರೆ, ಸಹಿ ಹಾಕಿದ ಯಾರನ್ನು ಬೇಕಾದರೂ ಹಿಡಿದು ವಸೂಲು ಮಾಡಬಹುದು.

ಕೂಲಿಗೆ ನಾಣ್ಯವೇ ಬೇಕು ಅಂದರೆ ಹುಂಡಿಯನ್ನು ಬ್ಯಾಂಕಿಗೆ ಒಯ್ಯುತ್ತೀರಿ. ವರ್ಷಕ್ಕೆ ನೂರಕ್ಕೆ 5ರ ಲೆಕ್ಕದಲ್ಲಿ ಎರಡು ತಿಂಗಳ ಬಡ್ಡಿ 1 ಪೌಂಡ್ 13 ಶಿಲ್ಲಿಂಗ್ 4 ಪೆನ್ಸ್ ಮುರಿದುಕೊಂಡು ಉಳಿದದ್ದನ್ನು ಎಣಿಸಿ ಕೊಡುತ್ತಾರೆ. ಕಾರ್ಖಾನೆಯ ಉಸಿರು ನಿಂತಿದ್ದು ಇದರ ಮೇಲೆ. ಕಷ್ಟದಲ್ಲಿದ್ದವರು ಮಾಲೇ ಇಲ್ಲದೆ ಒಬ್ಬರ ಮೇಲೊಬ್ಬರು ಹುಂಡಿ ಬರೆದುಕೊಂಡು ದಿನ ದೂಡುತ್ತಿದ್ದದ್ದೂ ಉಂಟು. ಎಲ್ಲೋ ಒಂದು ಬ್ಯಾಂಕು ಬಾಗಿಲು ಮುಚ್ಚಿದರೆ ಸಾಲಾಗಿ ಎಲ್ಲರೂ ಬೀಳುತ್ತಿದ್ದರು. 1772ರಲ್ಲಿ ಸ್ಕಾಟ್ಲೆಂಡಿನ ಏರ್ ಬ್ಯಾಂಕ್ ಕುಸಿದಾಗ ಹಾಗೆಯೇ ಆಯಿತು. 1793ರಲ್ಲಿ ಮತ್ತೊಮ್ಮೆ.

ಬಡ್ಡಿ ಎಷ್ಟಿತ್ತು?

1714ರಿಂದ ಕಾನೂನು ಪ್ರಕಾರ ನೂರಕ್ಕೆ 5ರ ಮೇಲೆ ಕೇಳುವಂತಿಲ್ಲ. ಕೇಳಲು ಚೆನ್ನಾಗಿದೆ, ಅಲ್ವಾ? ಆದರೆ ಯುದ್ಧ ಬಂತು ಅಂದರೆ ಇದೇ ಕಾನೂನು ಕಾರ್ಖಾನೆಯವರನ್ನು ಹಿಂಡುತ್ತಿತ್ತು. ಸರ್ಕಾರಕ್ಕೆ ಈ ಮಿತಿ ಇರಲಿಲ್ಲ. 1797–98ರಲ್ಲಿ ವರ್ಷಕ್ಕೆ 3 ಪೌಂಡ್ ಬಡ್ಡಿ ಕೊಡುವ 100 ಪೌಂಡಿನ ಸರ್ಕಾರಿ ಸಾಲಪತ್ರ 50 ಪೌಂಡಿಗಿಂತ ಕೆಳಗೆ ಇಳಿಯಿತು. ಕೊಂಡವನಿಗೆ ನೂರಕ್ಕೆ 6ಕ್ಕೂ ಜಾಸ್ತಿ ಹುಟ್ಟುತ್ತಿತ್ತು. ಹೀಗಿರುವಾಗ 5ಕ್ಕೆ ನಿಮ್ಮ ಕುಲುಮೆಗೆ ಯಾರು ಕೊಡುತ್ತಾರೆ? ಹೆಚ್ಚು ಕೊಡುತ್ತೇನೆ ಅನ್ನಲು ನಿಮಗೆ ಹಕ್ಕೇ ಇಲ್ಲ. ಆಗ ನೆಂಟರು, ಹಳೇ ಗೆಳೆಯರು, ಒಂದೇ ಪಂಥದವರು ಮಾತ್ರ ಉಳಿಯುತ್ತಿದ್ದರು.

ಪಂಥಕ್ಕೂ ಸಾಲಕ್ಕೂ ಏನು ಸಂಬಂಧ?

ಕ್ವೇಕರ್ ಎಂಬ ಕ್ರೈಸ್ತ ಪಂಥದವರು ಕಬ್ಬಿಣದ ಕೆಲಸದಲ್ಲಿ ತುಂಬಾ ಜನ ಇದ್ದರು. ಸಾಲ ತೀರಿಸದೆ ದಿವಾಳಿ ಎದ್ದವನನ್ನು ಅವರ ಸಭೆ ಹೊರಗೆ ಹಾಕಬಹುದಿತ್ತು. ಆ ಭಯವೇ ಜಾಮೀನು. ಬ್ರಿಸ್ಟಲಿನ ಕ್ವೇಕರ್ ಒಬ್ಬ ಶ್ರಾಪ್‌ಶೈರಿನ ಕ್ವೇಕರನಿಗೆ ಧೈರ್ಯವಾಗಿ ದುಡ್ಡು ಕೊಡುತ್ತಿದ್ದ.

ಕಾರ್ಖಾನೆಯನ್ನೇ ಅಡಮಾನ ಇಡುತ್ತಿದ್ದರಾ?

ಇಡುತ್ತಿದ್ದರು. ಅದರ ಬಿಸಿ ಎಷ್ಟು ಅಂತ ಶ್ರಾಪ್‌ಶೈರಿನ ಕೋಲ್‌ಬ್ರೂಕ್‌ಡೇಲಿನ ಡಾರ್ಬಿ ಮನೆತನಕ್ಕೆ ಗೊತ್ತು.

ಮೊದಲ ಅಬ್ರಹಾಂ ಡಾರ್ಬಿ 1708ರಲ್ಲಿ ಅಲ್ಲಿ ಪಾಳು ಬಿದ್ದಿದ್ದ ಕುಲುಮೆಯನ್ನು ಗುತ್ತಿಗೆಗೆ ಹಿಡಿದ. ಮರು ವರ್ಷದ ಜನವರಿಯಲ್ಲಿ ಇದ್ದಿಲಿನ ಬದಲು ಕೋಕ್ ಹಾಕಿ ಕಬ್ಬಿಣ ಇಳಿಸಿದ. ದೊಡ್ಡ ಸಾಧನೆ. ಆದರೆ ಬೆಳೆಸಲು ದುಡ್ಡು ಬೇಕಿತ್ತು. ಬ್ರಿಸ್ಟಲಿನ ಕ್ವೇಕರ್ ವ್ಯಾಪಾರಿ ಥಾಮಸ್ ಗೋಲ್ಡ್ನಿ ಅಡಮಾನ ಹಿಡಿದು ಕೊಟ್ಟ. ಸ್ಪೇನಿನ ಹಡಗುಗಳನ್ನು ದೋಚಲು 1708ರಲ್ಲಿ ಹೊರಟ ವುಡ್ಸ್ ರೋಜರ್ಸ್‌ನ ನೌಕಾಯಾನಕ್ಕೆ ಮುಖ್ಯವಾಗಿ ದುಡ್ಡು ಹಾಕಿದವನೂ ಇದೇ ಗೋಲ್ಡ್ನಿ.

1717ರಲ್ಲಿ ಡಾರ್ಬಿ ನಲವತ್ತರ ಆಸುಪಾಸಿನಲ್ಲೇ ಸತ್ತ. ಉಯಿಲು ಬರೆದಿರಲಿಲ್ಲ. ಮಗನಿಗೆ ಸುಮಾರು ಆರು ವರ್ಷ. ಹೆಂಡತಿ ಮೇರಿಯೂ ಹೆಚ್ಚು ದಿನ ಬದುಕಲಿಲ್ಲ. ಕಾರ್ಖಾನೆ ಅಡಮಾನ ಹಿಡಿದ ಗೋಲ್ಡ್ನಿ ಮತ್ತು ಡಾರ್ಬಿಯ ಅಳಿಯ ರಿಚರ್ಡ್ ಫೋರ್ಡ್ ಕೈಗೆ ಹೋಯಿತು. ಕೋಕ್ ಕಬ್ಬಿಣ ಕೊಟ್ಟವನ ಮಗ ಅಪ್ಪನ ಕುಲುಮೆಯಲ್ಲೇ ಕೆಲಸಕ್ಕೆ ಸೇರಿ ನಿಧಾನವಾಗಿ ಪಾಲು ಗಳಿಸಬೇಕಾಯಿತು. ಈ ಹುಡುಗನ ಬಗ್ಗೆ ಓದಿದಾಗೆಲ್ಲ ನನಗೆ ಸಂಕಟವಾಗುತ್ತದೆ. ಹಾಗಂತ ಗೋಲ್ಡ್ನಿಯನ್ನು ಬೈಯಲೂ ಆಗದು. ಅವನ ದುಡ್ಡು ಇಲ್ಲದಿದ್ದರೆ ಆ ಕುಲುಮೆ ಆಗಲೇ ಆರಿಹೋಗುತ್ತಿತ್ತು.

ಕೈಯಲ್ಲಿ ಏನೂ ಇಲ್ಲದವರು ಬೆಳೆದದ್ದು ಇದೆಯಾ?

ಇದೆ. ವಾಕರ್ ಅಣ್ಣತಮ್ಮಂದಿರು. ಸ್ಯಾಮ್ಯುಯೆಲ್ ಮಕ್ಕಳಿಗೆ ಪಾಠ ಹೇಳುತ್ತಿದ್ದ, ಆರನ್ ಮೊಳೆ ಬಡಿಯುತ್ತಿದ್ದ. 1741ರಲ್ಲಿ ಶೆಫೀಲ್ಡ್ ಹತ್ತಿರದ ಗ್ರೆನೋಸೈಡ್ ಎಂಬ ಹಳ್ಳಿಯಲ್ಲಿ, ಸ್ಯಾಮ್ಯುಯೆಲ್ ಮನೆಯ ಹಿತ್ತಲಲ್ಲಿದ್ದ ಹಳೇ ಮೊಳೆ ಕುಲುಮೆಯಲ್ಲಿ ಒಂದು ಸಣ್ಣ ಒಲೆ ಕಟ್ಟಿದರು. 1746ರಲ್ಲಿ ರಾದರಮ್ ಬಳಿಯ ಮಾಸ್‌ಬರೋಗೆ ಬಂದಾಗ ಬಂಡವಾಳ ಸುಮಾರು 600 ಪೌಂಡ್. 1812ರಲ್ಲಿ ಅದು ಹತ್ತಿರ ಹತ್ತಿರ 3 ಲಕ್ಷ ಪೌಂಡ್.

ದಾರಿ ಒಂದೇ. ಬಂದ ಲಾಭವನ್ನು ಮನೆಗೆ ಒಯ್ಯಲಿಲ್ಲ. ಮೊದಲ ವರ್ಷಗಳಲ್ಲಿ ಪಾಲು ಹಂಚಿಕೊಳ್ಳದೆ ಎಲ್ಲವನ್ನೂ ಮತ್ತೆ ಒಲೆಗೇ ಹಾಕಿದರು. ಆ ಕಾಲದಲ್ಲಿ ಕಬ್ಬಿಣದ ಕಾರ್ಖಾನೆಗಳು ದೊಡ್ಡದಾದದ್ದು ಸಾಲದಿಂದ ಅನ್ನುವುದಕ್ಕಿಂತ ಹೀಗೆ ಬಾಯಿ ಕಟ್ಟಿ ಉಳಿಸಿದ ಲಾಭದಿಂದ ಅನ್ನುವುದೇ ನನ್ನ ಅನಿಸಿಕೆ.

ಮುಳುಗಿದರೆ ಏನು ಗತಿ?

ಪಾಲುದಾರ ಹಾಕಿದಷ್ಟೇ ಕಳೆದುಕೊಳ್ಳುವುದು ಅನ್ನುವ ರಕ್ಷಣೆ ಬಂದದ್ದು 1855ರಲ್ಲಿ. ಅದಕ್ಕೆ ಮುಂಚೆ ಮನೆ, ಹೊಲ, ಹೆಂಡತಿ ತಂದ ದುಡ್ಡು, ಎಲ್ಲವೂ ಸಾಲ ಕೊಟ್ಟವರ ಕೈಗೆ. ನಿಮ್ಮ ಪಾಲುದಾರ ಮಾಡಿದ ಸಾಲಕ್ಕೂ ನೀವೇ ಹೊಣೆ.

ಕ್ಯಾರನ್ ಕಟ್ಟಿದವರಲ್ಲಿ ಒಬ್ಬನಾದ ಜಾನ್ ರೋಬಕ್ ಒಳ್ಳೆಯ ವೈದ್ಯ, ರಸಾಯನಶಾಸ್ತ್ರ ಬಲ್ಲವನು. ಬೋನೆಸ್‌ನಲ್ಲಿ ಕಲ್ಲಿದ್ದಲ ಗಣಿ ಹಿಡಿದು, ನೀರು ತುಂಬಿ, 1773ರಲ್ಲಿ ದಿವಾಳಿಯಾದ. ಜೇಮ್ಸ್ ವ್ಯಾಟ್‌ನ ಉಗಿಯಂತ್ರದ ಪೇಟೆಂಟಿನಲ್ಲಿ ಮೂರರಲ್ಲಿ ಎರಡು ಪಾಲು ಅವನದಿತ್ತು. ಸಾಲ ಕೊಟ್ಟವರು ಅದಕ್ಕೆ ಕಾಸಿನ ಬೆಲೆಯನ್ನೂ ಕಟ್ಟಲಿಲ್ಲ. ತನಗೆ ಬರಬೇಕಿದ್ದ 1,200 ಪೌಂಡಿನ ಬದಲಿಗೆ ಬರ್ಮಿಂಗ್‌ಹ್ಯಾಮಿನ ಕಾರ್ಖಾನೆದಾರ ಮ್ಯಾಥ್ಯೂ ಬೋಲ್ಟನ್ ಅದನ್ನು ತೆಗೆದುಕೊಂಡ.

ಸರ್ಕಾರದ ದುಡ್ಡು ಈ ಕಾರ್ಖಾನೆಗಳಿಗೆ ಬಂದಿತ್ತಾ?

ಫಿರಂಗಿಗಳ ಆರ್ಡರ್ ರೂಪದಲ್ಲಿ ಬೇಕಾದಷ್ಟು ಬಂತು. ಕಳ್ಳದಾರಿಯಲ್ಲೂ ಒಮ್ಮೆ ಬಂತು, ಅದರಿಂದ ಒಬ್ಬ ದೊಡ್ಡ ಕೆಲಸಗಾರ ಹಾಳಾದ.

ಹೆನ್ರಿ ಕೋರ್ಟ್ ಹ್ಯಾಂಪ್‌ಶೈರಿನ ಫಂಟ್ಲಿಯಲ್ಲಿ ಕಾರ್ಖಾನೆ ನಡೆಸುತ್ತಿದ್ದ. ಬೀಡು ಕಬ್ಬಿಣವನ್ನು ಕಲ್ಲಿದ್ದಲ ಒಲೆಯಲ್ಲಿ ಕಲಕಿ ಮೆದು ಕಬ್ಬಿಣ ಮಾಡುವ, ತೋಡು ಕೊರೆದ ಉರುಳೆಗಳಲ್ಲಿ ಅದನ್ನು ಎಳೆಯುವ ವಿಧಾನಗಳಿಗೆ 1783, 1784ರಲ್ಲಿ ಪೇಟೆಂಟ್ ಪಡೆದ. ಬಂಡವಾಳ ಕೊಟ್ಟವನು ನೌಕಾಪಡೆಯ ಸಂಬಳ ಕಚೇರಿಯ ಅಧಿಕಾರಿ ಆಡಂ ಜೆಲಿಕೋ. ಒಟ್ಟು 27,000 ಪೌಂಡಿಗೂ ಮೇಲೆ. ಅವನ ಮಗ ಸ್ಯಾಮ್ಯುಯೆಲ್ ಕೋರ್ಟ್‌ನ ಪಾಲುದಾರ. ಪೇಟೆಂಟುಗಳು ಅಡಮಾನ.

ಆ ದುಡ್ಡು ಜೆಲಿಕೋದ್ದಲ್ಲ, ನೌಕಾಪಡೆಯದು. 1789ರಲ್ಲಿ ಜೆಲಿಕೋ ಸತ್ತಾಗ ಲೆಕ್ಕ ಹೊರಬಿತ್ತು. ಸರ್ಕಾರ ಪೇಟೆಂಟುಗಳನ್ನು ವಶಕ್ಕೆ ತೆಗೆದುಕೊಂಡಿತು. ಕೋರ್ಟ್ ದಿವಾಳಿಯಾದ. ಟನ್ನಿಗೆ 10 ಶಿಲ್ಲಿಂಗ್ ಕೊಡುತ್ತೇನೆ ಅಂತ ಒಪ್ಪಿದ್ದ ಕ್ರಾಶೆಯಂಥವರಿಂದ ಸರ್ಕಾರ ಆ ದುಡ್ಡನ್ನು ವಸೂಲು ಮಾಡಲೂ ಇಲ್ಲ. ಮರ್ಥರಿನವರೆಲ್ಲ ಆ ವಿಧಾನವನ್ನು ಬಿಟ್ಟಿಯಾಗಿ ಬಳಸಿ ಬೆಳೆದರು. ಕೋರ್ಟ್‌ಗೆ ಸಿಕ್ಕಿದ್ದು 1794ರಿಂದ ವರ್ಷಕ್ಕೆ 200 ಪೌಂಡ್ ಪಿಂಚಣಿ. 1800ರಲ್ಲಿ ತೀರಿಕೊಂಡ. ಫಂಟ್ಲಿ ಕಾರ್ಖಾನೆ ಸ್ಯಾಮ್ಯುಯೆಲ್ ಜೆಲಿಕೋ ಕೈಯಲ್ಲೇ ಉಳಿಯಿತು. ಇದು ನ್ಯಾಯ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ.

ಕೂಲಿ ಕೊಡಲು ಚಿಲ್ಲರೆ ಸಿಗುತ್ತಿತ್ತಾ?

ತುಂಬಾ ಕಷ್ಟ. ಜಾನ್ ವಿಲ್ಕಿನ್ಸನ್ 1787ರಿಂದ ತನ್ನದೇ ಮುಖ ಒತ್ತಿಸಿದ ತಾಮ್ರದ ಬಿಲ್ಲೆ ಹೊರಡಿಸಿದ. ರಾಜನ ತಲೆ ಇರಬೇಕಾದ ಕಡೆ ಕಬ್ಬಿಣದ ಸಾಹುಕಾರನ ತಲೆ. ಜನ ಅದನ್ನೇ ಅಂಗಡಿಯಲ್ಲಿ ಕೊಟ್ಟು ಬ್ರೆಡ್ಡು ಕೊಂಡರು.

ಪಿತ್ರಾರ್ಜಿತದಿಂದ ಕಾರ್ಖಾನೆ ಕೊಂಡವರಿದ್ದಾರಾ?

ರಿಚರ್ಡ್ ಕ್ರಾಶೆ 1810ರಲ್ಲಿ ಸತ್ತಾಗ ಸಿಫಾರ್ಥಾವನ್ನು ಎಂಟು ಪಾಲು ಮಾಡಿದ್ದ. ಮಗ ವಿಲಿಯಂಗೆ ಮೂರು, ಅಳಿಯ ಬೆಂಜಮಿನ್ ಹಾಲ್‌ಗೆ ಮೂರು, ಸೋದರಳಿಯ ಜೋಸೆಫ್ ಬೈಲಿಗೆ ಎರಡು. ಬೈಲಿಗೆ ಮಾವನ ಮಗನ ಕೈಕೆಳಗೆ ಇರಲು ಮನಸ್ಸಿರಲಿಲ್ಲ. ತನ್ನ ಪಾಲು ವಿಲಿಯಂಗೇ ಮಾರಿದ. ಮಾನ್‌ಮತ್‌ಶೈರಿನ ನಾಂಟಿಗ್ಲೋದಲ್ಲಿ ಹಿಂದೆ ಬೇರೆಯವರು ಕಟ್ಟಿ ಸರಿಯಾಗಿ ನಡೆಸಲಾಗದೆ ಬಿಟ್ಟಿದ್ದ ಕಾರ್ಖಾನೆ ಇತ್ತು. 1811ರಲ್ಲಿ ಅದನ್ನು ಕೊಂಡ. ಜೊತೆಗೆ ಕರೆದುಕೊಂಡು ಹೋದದ್ದು ಬ್ಯಾಂಕಿನವನನ್ನಲ್ಲ, ಸಿಫಾರ್ಥಾದ ಕುಲುಮೆಗಳನ್ನು ನೋಡಿಕೊಳ್ಳುತ್ತಿದ್ದ ಮ್ಯಾಥ್ಯೂ ವೇನ್‌ನನ್ನು.